ಓಡಿದರೆ ಬೆಳಕು, ನಿಂತರೆ ಮಬ್ಬು

ಯಾವ ಕೆಲಸ ಹಿಡಿದರೂ ನಗುವ ಪ್ರಸಂಗಗಳು ಮನುಷ್ಯನನ್ನು ಹುಡುಕಿಕೊಂಡು ಬಂದೇ ಬರುತ್ತವೆ. ನನ್ನ ಹತ್ತಿರ ಮಾತ್ರ ಅವು ಕಾರು ಮಾಡಿಕೊಂಡು ಬರುತ್ತಿದ್ದವು.

ನಾನು ಕಾರಿನ ದೀಪ ರಿಪೇರಿ ಮಾಡುತ್ತಿದ್ದವನು. ಮೈಸೂರಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಐವತ್ತರ ದಶಕದ ನಡುವಿನಲ್ಲಿ ಹಾಸನಕ್ಕೆ ಬಂದು, ಹೊಳೆನರಸೀಪುರದ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು ಹಾಕಿದೆ. ಆಗ ಊರಿನಲ್ಲಿ ಇದ್ದ ಕಾರುಗಳು ಎಷ್ಟು ಕಡಿಮೆ ಅಂದರೆ, ಹಾರನ್ ಕೇಳಿದರೆ ಸಾಕು, ಯಾರು ಬಂದರು, ಅವರ ಮನೆಯಲ್ಲಿ ಏನು ವಿಶೇಷ ಅಂತ ಒಳಗೆ ಕೂತೇ ಹೇಳಬಹುದಿತ್ತು.

ಆ ಕಾಲದ ಕಾರುಗಳ ದೀಪದ ಕಥೆ ಬಹಳ ಸರಳ. ಇಂಜಿನ್ ತಿರುಗಿದರೆ ಒಂದು ರಬ್ಬರ್ ಬೆಲ್ಟು ಡೈನಮೋವನ್ನು ತಿರುಗಿಸಬೇಕು. ಡೈನಮೋ ಬ್ಯಾಟರಿಗೆ ಕರೆಂಟು ತುಂಬಬೇಕು. ಬ್ಯಾಟರಿ ದೀಪಕ್ಕೆ ಕೊಡಬೇಕು. ಒಂದು ಮನೆಯ ಮೂವರು ಅಣ್ಣತಮ್ಮಂದಿರ ಹಾಗೆ. ಯಾರೊಬ್ಬ ಮುನಿಸಿಕೊಂಡರೂ ದೀಪ ಮಬ್ಬು. ಯಾರು ಮುನಿಸಿಕೊಂಡಿದ್ದಾನೆ ಅಂತ ಪತ್ತೆ ಮಾಡುವುದೇ ನನ್ನ ಕೆಲಸ. ಹಗಲಿನಲ್ಲಿ ದೀಪದ ಬೆಳಕು ತಿಳಿಯುವುದಿಲ್ಲವಲ್ಲ, ಅದಕ್ಕೆ ಶೆಡ್ಡಿನ ಸುತ್ತ ಗೋಣಿಚೀಲ ಹೊಲಿದು ಪರದೆ ಕಟ್ಟಿದ್ದೆ. ಪಕ್ಕದ ಬೀದಿಯ ಮುದುಕಿಯೊಬ್ಬಳು ಒಂದು ಮಧ್ಯಾಹ್ನ ಪರದೆ ಸರಿಸಿ ಒಳಗೆ ಬಂದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಆಟ ಎಷ್ಟೊತ್ಗಪ್ಪಾ ಸುರುವಾಗದು?" ಅಂತ ಕೇಳಿದ್ದಳು. ಟೆಂಟು ಸಿನಿಮಾ ಅಂದುಕೊಂಡಿದ್ದಳು. ಆಟವೇನೋ ದಿನಾ ಇತ್ತು, ಅವಳಿಗೆ ತೋರಿಸುವಂಥದ್ದಲ್ಲ ಅಷ್ಟೆ.

ನೆಲ ಮುಟ್ಟದ ನೀರು

ಚನ್ನರಾಯಪಟ್ಟಣದ ಕಡೆಯ ಒಬ್ಬ ಗೌಡರು. ಒಳ್ಳೆಯ ತೆಂಗಿನ ತೋಟ, ಹೊಸದಾಗಿ ಕೊಂಡ ಹಳೇ ಕಾರು. ಡ್ರೈವರು ಅವರ ಮನೆಯಲ್ಲೇ ಇಪ್ಪತ್ತು ವರ್ಷ ಎತ್ತಿನಗಾಡಿ ಹೊಡೆದವನು. ಕಾರಿಗೂ ಗಾಡಿಗೂ ಅವನಿಗೆ ಅಂಥ ವ್ಯತ್ಯಾಸ ಕಾಣುತ್ತಿರಲಿಲ್ಲ. ಕಾರು ನಿಲ್ಲಿಸಿದ ಕೂಡಲೆ ಅದರ ಬೆನ್ನು ಸವರುತ್ತಿದ್ದ.

ದೀಪ ಮಬ್ಬು ಅಂತ ಬಂದರು. ನೋಡಿದರೆ ಬ್ಯಾಟರಿ ಒಣಗಿ ಹಪ್ಪಳ. ನಾನು ನೀರು ತುಂಬಿ, ಒಂದು ದಿನ ಚಾರ್ಜಿಗೆ ಹಾಕಿ ಕೊಟ್ಟು, ಡ್ರೈವರಿಗೆ ಬುದ್ಧಿ ಹೇಳಿದೆ.

"ನೋಡಪ್ಪಾ, ಎತ್ತಿಗೆ ಹೆಂಗೋ ಹಂಗೇ ಇದಕ್ಕೂ ಬಾಯಾರಿಕೆ ಆಗುತ್ತೆ. ಹದಿನೈದು ದಿನಕ್ಕೊಂದು ಸಲ ನೀರು ಕುಡಿಸು. ಆದರೆ ಬಾವಿ ನೀರು ಬೇಡ, ಕೆರೆ ನೀರು ಬೇಡ. ಶುದ್ಧವಾಗಿರಬೇಕು. ಮೇಲಿಂದ ಬಂದದ್ದು, ನೆಲ ಮುಟ್ಟಿರಬಾರದು."

ನಾನು ಹೇಳಿದ್ದು ಮಳೆ ನೀರು. ಪಾತ್ರೆ ಇಟ್ಟು ನೇರವಾಗಿ ಹಿಡಿದರೆ ಬ್ಯಾಟರಿಗೆ ಅದು ನಡೆಯುತ್ತದೆ. ಅವನು ಒಂದು ಗಳಿಗೆ ಆಕಾಶ ನೋಡಿ, "ತಿಳೀತು ಬುಡಿ ಸಾ" ಅಂದ. ಜಾಣ ಅಂದುಕೊಂಡೆ.

ಎರಡು ತಿಂಗಳಿಗೆ ಕಾರು ಮತ್ತೆ ಬಂತು. ದೀಪ ಹಾಕಿದರೆ ಸಾಯುವ ಮಿಂಚುಹುಳದ ಹಾಗೆ ಉರಿಯಿತು. ಬಾನೆಟ್ ಎತ್ತಿದೆ. ಬ್ಯಾಟರಿಯ ಮೇಲೆ ಇರುವೆಗಳು ಸಾಲುಗಟ್ಟಿ ಹೋಗುತ್ತಿದ್ದವು. ನನ್ನ ಸರ್ವೀಸಿನಲ್ಲಿ ಬ್ಯಾಟರಿಗೆ ತುಕ್ಕು ಹಿಡಿದದ್ದು ನೋಡಿದ್ದೆ, ಒಡೆದದ್ದು ನೋಡಿದ್ದೆ. ಇರುವೆ ಹತ್ತಿದ್ದು ಅದೇ ಮೊದಲು. ಮುಚ್ಚಳ ಬಿಚ್ಚಿ ಮೂಗಿನ ಹತ್ತಿರ ಹಿಡಿದರೆ ಹುಳಿ ಹೆಂಡದ ವಾಸನೆ.

"ಏನಯ್ಯಾ ಹಾಕಿದೆ ಇದಕ್ಕೆ?"

"ನೀವು ಏಳಿದ್ದೇ ಸಾ. ಎಳ್ನೀರು."

"ಎಳನೀರಾ?"

"ಮ್ಯಾಗಿಂದ ಬಂದದ್ದು, ಸುದ್ದವಾಗಿರದು ಅಂದ್ರೆ ಅದೇ ಅಲ್ವಾ ಸಾ? ನೆಲ ಮುಟ್ಬಾರ್ದು ಅಂದ್ರಲ್ಲ, ಅದ್ಕೆ ಮರದಿಂದ ಕೆಡವಲಿಲ್ಲ. ನಾನೇ ಅತ್ತಿ ಅಗ್ಗ ಕಟ್ಟಿ ಇಳಿಸ್ದೆ. ನನ್ನೆಂಡ್ರು ಕೆಳಗೆ ಮಂಕರಿ ಇಡ್ಕಂಡು ನಿಂತಿದ್ಲು."

ಹಿಂದೆ ನಿಂತಿದ್ದ ಗೌಡರ ಮುಖ ಕೆಂಪಾಯಿತು. "ಲೇ, ಎರಡು ತಿಂಗಳಿಂದ ನಂಗೆ ಬಲ್ತು ಓಗಿರೋ ಕಾಯಿ ಕೆತ್ತಿ ಕೊಡ್ತಿದ್ದೀಯಲ್ಲ, ಒಳ್ಳೊಳ್ಳೆ ಎಳ್ನೀರೆಲ್ಲ ಇದರ ಒಟ್ಟೆಗೆ ಓಯ್ತಾ?"

ಅವನು ಒಂದಿಷ್ಟೂ ಅಳುಕಲಿಲ್ಲ. "ನಿಮಗೇನು ಗೌಡ್ರೆ, ನೆಲ ಮುಟ್ಟಿದ್ದಾದ್ರೂ ಆಯ್ತದೆ."

ದೇವರ ದೀಪ

ಇದು ಸಣ್ಣದು. ಹಾಸನದ ಆಲೂಗೆಡ್ಡೆ ಮಂಡಿಯ ಸಾಹುಕಾರರೊಬ್ಬರು, ಬಹಳ ದೈವಭಕ್ತರು. ವರ್ಷ ವರ್ಷಕ್ಕೆ ದೀಪ ಮಬ್ಬಾಗುತ್ತಾ ಬರ್ತಿದೆ ಅಂತ ಕಾರು ತಂದರು. ಬ್ಯಾಟರಿ ಸರಿ, ಡೈನಮೋ ಸರಿ, ಬೆಲ್ಟು ಹೊಸದು. ಬಲ್ಬು ಬಿಚ್ಚೋಣ ಅಂತ ಗಾಜಿನ ಮೇಲೆ ಕೈ ಇಟ್ಟರೆ, ಅದು ಗಾಜಲ್ಲ, ಗೋಡೆ. ಆಯುಧಪೂಜೆಗೆ ಹಚ್ಚಿದ ಗಂಧ, ವಿಭೂತಿ, ಅರಿಸಿನ, ಕುಂಕುಮ. ಈ ವರ್ಷದ್ದು, ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು, ಒಂದರ ಮೇಲೊಂದು.

"ಸಾಹುಕಾರ್ರೇ, ಇದನ್ನ ಒರೆಸಿದರೆ ಸಾಕು."

"ಶಿವ ಶಿವಾ! ಪೂಜೆ ಮಾಡಿದ್ದನ್ನ ಒರೆಸೋದುಂಟಾ? ನೀವು ಬೇಕಾದ್ರೆ ಹೊಸ ಬ್ಯಾಟರಿ ಹಾಕಿ."

ಎಷ್ಟು ಹೇಳಿದರೂ ಬಗ್ಗಲಿಲ್ಲ. ಕೊನೆಗೆ ನಾನೇ ಕೇಳಿದೆ, "ದೇವಸ್ಥಾನದಲ್ಲಿ ದೇವರಿಗೆ ಹಳೇ ಗಂಧದ ಮೇಲೇ ಹೊಸ ಗಂಧ ಹಚ್ಚುತ್ತಾರಾ? ಮೊದಲು ಅಭಿಷೇಕ ಮಾಡೋದಿಲ್ವಾ?"

ಸಾಹುಕಾರರು ಯೋಚನೆ ಮಾಡಿದರು. ಆ ಮಾತು ಅವರಿಗೆ ನಾಟಿತು. ನಾನು ಒದ್ದೆ ಬಟ್ಟೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ, ಎದುರಿನ ಹೋಟೆಲಿನಿಂದ ಹಾಲು, ಮೊಸರು, ಬಾಳೆಹಣ್ಣು ತರಿಸಿ ಸಾಲಾಗಿ ಜೋಡಿಸಿಟ್ಟು, ಅಂಗಿ ಬಿಚ್ಚಿ ಟವಲ್ ಹೊದ್ದು ನಿಂತಿದ್ದರು. "ಮೇಸ್ತ್ರಿ, ಪಂಚಾಮೃತದಿಂದಲೇ ಆಗಲಿ."

ಅತ್ತೆ ಕೂತರೆ

ಹೊಳೆನರಸೀಪುರದಲ್ಲಿ ಒಬ್ಬ ಲೇಡಿ ಡಾಕ್ಟರು ಇದ್ದರು. ಆ ಕಾಲದಲ್ಲಿ ಹೆಂಗಸೊಬ್ಬಳು ಕಾರು ಓಡಿಸುವುದು ಅಂದರೆ ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅವರು ಹೆರಿಗೆಗೆ ಅಂತ ಸುತ್ತಲ ಹಳ್ಳಿಗಳಿಗೆಲ್ಲ ತಾವೇ ಕಾರು ಹೊಡೆದುಕೊಂಡು ಹೋಗುತ್ತಿದ್ದರು. ಅವರ ಆಸ್ಪತ್ರೆಯ ಕಾಂಪೌಂಡರು ಬಂದು, "ಡಾಕ್ಟ್ರಮ್ಮ ಕರೀತಾರೆ, ಕಾರಿಗೆ ಹುಷಾರಿಲ್ಲ" ಅಂದ. ನಾನು ಚೀಲ ಹೆಗಲಿಗೆ ಹಾಕಿಕೊಂಡು ರೈಲು ಹತ್ತಿದೆ.

ಡಾಕ್ಟರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. "ರೋಗದ ಲಕ್ಷಣ ಹೇಳ್ತೀನಿ, ನೀವು ನಗಬಾರದು. ಹಿಂದಿನ ಸೀಟಿನಲ್ಲಿ ನಮ್ಮತ್ತೆ ಕೂತರೆ ದೀಪ ಮಬ್ಬಾಗುತ್ತೆ. ಅವರು ಇಳಿದರೆ ಸರಿಹೋಗುತ್ತೆ."

ನಾನು ನಗಲಿಲ್ಲ. ನಗದೆ ಇರುವುದಕ್ಕೆ ಬಹಳ ಕಷ್ಟಪಟ್ಟೆ.

"ಬೇರೆ ಯಾರನ್ನಾದರೂ ಕೂರಿಸಿ ನೋಡಿದಿರಾ ತಾಯಿ?"

"ನಾನು ಕೂತು ನೋಡಿದೆ. ಈ ಕಾಂಪೌಂಡರನ್ನ ಕೂರಿಸಿ ನೋಡಿದೆ. ಏನೂ ಆಗಲಿಲ್ಲ. ಅವರು ಕೂತರೆ ಮಾತ್ರ." ಆಮೇಲೆ ದನಿ ತಗ್ಗಿಸಿದರು. "ನಮ್ಮ ಮಾವ ತೀರಿಕೊಂಡ ಮೇಲೆ ಅತ್ತೇನ ಶುಭಕಾರ್ಯಕ್ಕೆ ಯಾರೂ ಕರೀತಿಲ್ಲ. ಈಗ ಇದೊಂದು ಸೇರಿಕೊಂಡಿದೆ. ಆ ಮುದುಕಿ ಕೂತರೆ ಬೆಳಕು ಕೂಡ ಉಳಿಯಲ್ಲ ಅಂತ ಬೀದಿಯೆಲ್ಲ ಆಡಿಕೊಳ್ತಾರೆ. ಮೂರು ತಿಂಗಳಾಯಿತು, ಹೊಸ್ತಿಲು ದಾಟಿಲ್ಲ. ಔಷಧಿ ಇರೋ ಕಾಯಿಲೆ ಆಗಿದ್ದರೆ ನಾನೇ ಕೊಡ್ತಿದ್ದೆ."

ಈಗ ನನಗೆ ನಗು ಬರಲಿಲ್ಲ.

ಕಾರನ್ನು ಕಾರ್ ಶೆಡ್ಡಿನ ಕತ್ತಲಿನಲ್ಲಿ ನಿಲ್ಲಿಸಿ, ಇಂಜಿನ್ ಚಾಲು ಮಾಡಿ, ಎಲ್ಲ ನೋಡಿದೆ. ಡೈನಮೋ ಗಟ್ಟಿ. ಬೆಲ್ಟು ಬಿಗಿ. ತಂತಿಗಳು ಸರಿ. ಕೊನೆಗೆ ಹೇಳಿದೆ, "ಅಮ್ಮನವರನ್ನೇ ಒಂದು ಸಲ ಕೂರಿಸಬೇಕು."

ಅಮ್ಮ ಒಳಗಿಂದಲೇ ಹೇಳಿದರು. "ಬೇಡಪ್ಪಾ. ಇದ್ದಬದ್ದ ಮಾನ ಸಾಕು."

ಡಾಕ್ಟರು ಒಳಗೆ ಹೋಗಿ ಏನು ಹೇಳಿದರೋ ಗೊತ್ತಿಲ್ಲ. ಕಾಲು ಗಂಟೆಯಾದ ಮೇಲೆ ಅಮ್ಮ ಸೊಸೆಯ ಕೈ ಹಿಡಿದುಕೊಂಡು ಬಂದರು. ಎತ್ತರದ ಆಳು, ತುಂಬಿದ ಮೈ. ಯಾರ ಮುಖವನ್ನೂ ನೋಡದೆ ಹಿಂದಿನ ಸೀಟಿನಲ್ಲಿ ಕೂತರು. ಕೂತದ್ದೇ ತಡ, ಗೋಡೆಯ ಮೇಲೆ ಬಿದ್ದಿದ್ದ ಬಿಳಿ ಬೆಳಕು ಹಳದಿಗೆ ತಿರುಗಿತು. ಅವರು ಕಣ್ಣು ಮುಚ್ಚಿಕೊಂಡರು.

"ಅಮ್ಮಾ, ಸ್ವಲ್ಪ ಆ ಕಡೆ ಸರಿದು ಕೂರಿ."

ಸರಿದರು. ಬೆಳಕು ಬಿಳಿಯಾಯಿತು.

"ಈಗ ಈ ಕಡೆ."

ಮತ್ತೆ ಹಳದಿ. ನನಗೆ ರೋಗ ಸಿಕ್ಕಿತ್ತು. ಆ ಕಾರಿನ ಬ್ಯಾಟರಿ ಇದ್ದದ್ದು ಇಂಜಿನ್ನಿನ ಹತ್ತಿರ ಅಲ್ಲ, ಹಿಂದಿನ ಸೀಟಿನ ಕೆಳಗೆ. ಅಮ್ಮನವರನ್ನು ಇಳಿಸಿ ಸೀಟು ಎತ್ತಿದೆ. ಸೀಟಿನೊಳಗಿನ ಒಂದು ಸ್ಪ್ರಿಂಗು ತುಂಡಾಗಿ, ಅದರ ಮೊನೆ ನೇರ ಬ್ಯಾಟರಿಯ ತಲೆಯ ಮೇಲೆ ಚಾಚಿಕೊಂಡಿತ್ತು. ಸೀಟು ತಗ್ಗಿದರೆ ಮೊನೆ ತಾಗುತ್ತದೆ, ದೀಪಕ್ಕೆ ಹೋಗಬೇಕಾದ ಕರೆಂಟೆಲ್ಲ ಕಾರಿನ ಮೈಗೆ ಸೋರಿಹೋಗುತ್ತದೆ. ನಡುವೆ ಒಂದು ಹಳೇ ಗೋಣಿಬಟ್ಟೆ ಇದ್ದುದರಿಂದ ಅರೆಬರೆ ತಾಗುತ್ತಿತ್ತು. ಇಲ್ಲದಿದ್ದರೆ ಸೀಟಿಗೇ ಬೆಂಕಿ ಹತ್ತಿರುತ್ತಿತ್ತು.

"ಏನಪ್ಪಾ ಕಾರಣ?" ಅಂದರು ಅಮ್ಮ, ದೂರದಲ್ಲೇ ನಿಂತು.

"ಏನಿಲ್ಲಮ್ಮ, ಒಂದು ಸ್ಪ್ರಿಂಗು ಮುರಿದಿದೆ. ಬ್ಯಾಟರಿಗೆ ತಾಗುತ್ತೆ."

"ಮತ್ತೆ ಇವಳು ಕೂತಾಗ ಯಾಕೆ ತಾಗಲಿಲ್ಲ? ಈ ಕಾಂಪೌಂಡರು ಕೂತಾಗ?"

ಕಾಂಪೌಂಡರು ಒಣಗಿದ ನುಗ್ಗೇಕಾಯಿಯ ಹಾಗಿದ್ದ. ಡಾಕ್ಟರೂ ಸಣಕಲು. ನಾನು ಸ್ಪ್ರಿಂಗು ನೋಡುತ್ತಾ ನಿಂತೆ. ಡಾಕ್ಟರು ಚಾವಣಿ ನೋಡುತ್ತಾ ನಿಂತರು. ಹೇಳುವವರು ಯಾರು?

ಅಮ್ಮ ಹತ್ತಿರ ಬಂದರು. ಸ್ಪ್ರಿಂಗು ನೋಡಿದರು, ಬ್ಯಾಟರಿ ನೋಡಿದರು, ಕಾಂಪೌಂಡರನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ತಮ್ಮನ್ನು ತಾವೇ ನೋಡಿಕೊಂಡರು.

"ಅಂದ್ರೆ ನಾನು ದಪ್ಪ. ಅಷ್ಟೇನಾ?"

ಕಾಂಪೌಂಡರು ಮೆಲ್ಲಗೆ ಬಾಗಿಲ ಕಡೆ ಜಾರಿದ.

"ಅನಿಷ್ಟ ಅಲ್ಲ?"

"ಅಲ್ಲಮ್ಮಾ," ಅಂದೆ. "ಸ್ಪ್ರಿಂಗು."

ಅವರು ನಗುವುದಕ್ಕೆ ಶುರು ಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ಮತ್ತೆ ನಕ್ಕರು. ಸೊಸೆಯೂ ನಕ್ಕರು, ಅವರ ಕಣ್ಣಲ್ಲೂ ನೀರಿತ್ತು. ನಾನು ಸ್ಪ್ರಿಂಗು ಕತ್ತರಿಸಿ, ಬ್ಯಾಟರಿಯ ಮೇಲೆ ಒಂದು ಹಲಗೆ ಕೂರಿಸಿ, ಹಳೇ ಟ್ಯೂಬಿನ ರಬ್ಬರು ಸುತ್ತಿ ಭದ್ರ ಮಾಡಿದೆ. ಅಮ್ಮ ಕೂತರು. ಕುಪ್ಪಳಿಸಿ ಕೂತರು. ಬೆಳಕು ಕದಲಲಿಲ್ಲ.

"ನಡಿಯೇ, ಕಾರು ತೆಗಿ," ಅಂದರು ಸೊಸೆಗೆ. "ದೀಪ ಆರಿಸಬೇಡ."

ಮಟಮಟ ಮಧ್ಯಾಹ್ನ. ಎರಡೂ ದೀಪ ಧಗಧಗ ಉರಿಸಿಕೊಂಡು ಕಾರು ಪೇಟೆ ಬೀದಿಯಲ್ಲಿ ಹೊರಟಿತು. ಹಿಂದೆ ಮಹಾರಾಣಿಯ ಹಾಗೆ ಅಮ್ಮ, ಮುಂದೆ ಚೀಲ ಹಿಡಿದುಕೊಂಡು ನಾನು. ಅವರ ಬಗ್ಗೆ ಆಡಿಕೊಂಡ ಒಂದೊಂದು ಮನೆ ಬಂದಾಗಲೂ ಕಾರು ನಿಲ್ಲಿಸಲು ಹೇಳಿ, ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಬಾಯ್ತುಂಬ ಕೂಗಿ ಹೇಳಿದರು. "ದಪ್ಪ ಕಣ್ರೇ, ದಪ್ಪ! ಇನ್ನೇನೂ ಇಲ್ಲ!"

ಪೇಟವಿಲ್ಲದ ಇನ್‌ಸ್ಪೆಕ್ಟರು

ಹಾಸನದಲ್ಲಿ ಆಗ ಒಬ್ಬ ಸ್ಕೂಲ್ ಇನ್‌ಸ್ಪೆಕ್ಟರು ಇದ್ದರು. ಕಟ್ಟುನಿಟ್ಟಿನ ಮನುಷ್ಯ. ತಲೆಯ ಮೇಲೆ ಯಾವಾಗಲೂ ಜರಿ ಪೇಟ. ಅದಿಲ್ಲದೆ ಅವರನ್ನು ಅವರ ಹೆಂಡತಿಯೂ ನೋಡಿಲ್ಲ ಅಂತ ಊರಿನಲ್ಲಿ ಮಾತು. ಅವರ ಕಾರಿನ ದೀಪ ಓಡುವಾಗ ಮಾತ್ರ ಮಬ್ಬಾಗುತ್ತಿತ್ತು, ನನ್ನ ಶೆಡ್ಡಿಗೆ ಬಂದರೆ ಚೆನ್ನಾಗಿ ಉರಿಯುತ್ತಿತ್ತು. "ಹಳೇಕೋಟೆ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಸಮಾರಂಭ ಇದೆ, ಜೊತೆಗೆ ಬನ್ನಿ, ದಾರಿಯಲ್ಲೇ ನೋಡಿ" ಅಂದರು.

ಆಷಾಢದ ಮೋಡ, ಜಿನುಗು ಮಳೆ. ನಾಲ್ಕು ಗಂಟೆಗೇ ದೀಪ ಹಾಕಬೇಕಾಯಿತು. ನಾನು ತಲೆಗೆ ಟವಲು ಸುತ್ತಿಕೊಂಡು ಡ್ರೈವರ್ ಪಕ್ಕ ಕೂತಿದ್ದೆ. ಹಳ್ಳಿ ಇನ್ನೆರಡು ಮೈಲಿ ಇರುವಾಗ ದೀಪ ಮಬ್ಬಾಯಿತು, ಪಟ್ ಅಂತ ಸದ್ದಾಯಿತು. ಇಳಿದು ನೋಡಿದರೆ, ಸವೆದು ಜಾರುತ್ತಿದ್ದ ಬೆಲ್ಟು ಈಗ ಹರಿದೇ ಹೋಗಿತ್ತು. ಡೈನಮೋ ನಿಂತಿತು. ಅದೇ ಬೆಲ್ಟಿನಿಂದ ತಿರುಗುವ ಫ್ಯಾನೂ ನಿಂತಿತು, ಇಂಜಿನ್ ಕುದಿಯುತ್ತೆ, ಮುಂದೆ ಹೋಗುವ ಹಾಗಿಲ್ಲ.

"ಬೇರೆ ಬೆಲ್ಟು?"

"ಹಾಸನದಲ್ಲಿದೆ ಸಾರ್. ಇಲ್ಲಿ ಉದ್ದನೆಯ ಗಟ್ಟಿ ಬಟ್ಟೆ ಏನಾದರೂ ಸಿಕ್ಕಿದರೆ ಹುರಿ ಮಾಡಿ ಕಟ್ಟಬಹುದು. ನನ್ನ ಟವಲು ಸಾಲದು."

ಉದ್ದನೆಯ ಗಟ್ಟಿ ಬಟ್ಟೆ ಎಲ್ಲಿದೆ ಅಂತ ನನಗೂ ಕಾಣುತ್ತಿತ್ತು, ಡ್ರೈವರಿಗೂ ಕಾಣುತ್ತಿತ್ತು. ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಇನ್‌ಸ್ಪೆಕ್ಟರು ಸ್ವಲ್ಪ ಹೊತ್ತು ರಸ್ತೆ ನೋಡಿದರು. "ಮಕ್ಕಳು ಮಳೆಯಲ್ಲಿ ಕಾಯ್ತಿರ್ತಾರೆ" ಅಂದು, ಪೇಟ ತೆಗೆದು ನನ್ನ ಕೈಗಿಟ್ಟರು. ಬೋಳು ತಲೆ ಮಳೆಯಲ್ಲಿ ಮಿಂಚಿತು. ಹುರಿ ಹೊಸೆಯುವಾಗ ಒಂದು ತುದಿಯನ್ನು ತಾವೇ ಹಿಡಿದುಕೊಂಡರು. ಕೈಯೆಲ್ಲ ಮಸಿ, ಅಂಗಿಗೂ ಮಸಿ.

ನಿಧಾನವಾಗಿ ಹಳ್ಳಿ ಮುಟ್ಟಿದೆವು. ನಾನು ಮುಂದಿನ ಬಾಗಿಲಿಂದ ಇಳಿದದ್ದೇ ತಪ್ಪಾಯಿತು. ಹೊಸದಾಗಿ ಬಂದಿದ್ದ ಹೆಡ್‌ಮೇಷ್ಟ್ರು ಇನ್‌ಸ್ಪೆಕ್ಟರನ್ನು ನೋಡಿದವರಲ್ಲ, ಪೇಟದ ವಿಷಯ ಮಾತ್ರ ಕೇಳಿದ್ದರು. ನನ್ನ ತಲೆಯ ಟವಲು ನೋಡಿ ಹಾರ ಹಾಕಿಯೇಬಿಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಕ್ಕಳು ಸ್ವಾಗತಗೀತೆ ಶುರು ಮಾಡಿದರು. ಹಿಂದಿನಿಂದ ಇಳಿದ ಇನ್‌ಸ್ಪೆಕ್ಟರಿಗೆ ಮೇಷ್ಟ್ರು, "ನೀವು ರಿಪೇರಿಯವರಾ? ಅಲ್ಲಿ ಹಿಂದೆ ಚಾಪೆ ಮೇಲೆ ಕೂತ್ಕೊಳ್ಳಿ, ಆಮೇಲೆ ಊಟ ಕೊಡಿಸ್ತೀನಿ" ಅಂದರು. ನಾನು ಗಾಬರಿಯಿಂದ ಇನ್‌ಸ್ಪೆಕ್ಟರನ್ನು ನೋಡಿದೆ. ಅವರು ಸುಮ್ಮನಿರು ಅಂತ ಕಣ್ಸನ್ನೆ ಮಾಡಿ ಹೋಗಿ ಚಾಪೆಯ ಮೇಲೆ ಕೂತರು.

ವೇದಿಕೆಯ ಮೇಲೆ ನನ್ನ ಪಾಡು ಯಾರಿಗೂ ಬೇಡ. ಮಕ್ಕಳಿಗೆ ಪ್ರಶ್ನೆ ಕೇಳಿ ಅಂದರು. ನನಗೆ ಗೊತ್ತಿದ್ದದ್ದು ಒಂದೇ ವಿಷಯ. "ದೀಪ ಯಾಕೆ ಮಬ್ಬಾಗುತ್ತೆ?" ಅಂತ ಕೇಳಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಎಣ್ಣೆ ತೀರಿದ್ರೆ ಸಾ, ಇಲ್ಲಾಂದ್ರೆ ಬತ್ತಿ ಕರಕಾದ್ರೆ ಸಾ" ಅಂದಳು. ನನ್ನ ಇಡೀ ವಿದ್ಯೆ ಅಷ್ಟೆ. ಚಪ್ಪಾಳೆ ತಟ್ಟಿದೆ.

ಅಷ್ಟರಲ್ಲಿ ಚಾಪೆಯ ಮೇಲೆ ಬೇರೆಯೇ ತಪಾಸಣೆ ನಡೆಯುತ್ತಿತ್ತು. ಪಕ್ಕದಲ್ಲಿದ್ದ ಮುದುಕ ರೈತ ಎಲೆಅಡಿಕೆ ಕೊಟ್ಟು ಇನ್‌ಸ್ಪೆಕ್ಟರಿಗೆ ಎಲ್ಲ ಹೇಳಿದನಂತೆ. "ಮೇಷ್ಟ್ರು ಸ್ವಾಮಾರ ಬತ್ತಾರೆ, ಬುದ್ವಾರ ಓಯ್ತಾರೆ ಕಣಪ್ಪ. ಮಕ್ಳಿಗೆ ಪಾಟ ಏಳದು ಅವರೆಂಡ್ರು. ಬಂಗಾರದಂತಾ ಎಣ್ಮಗಳು. ಈವತ್ತು ಪಾಪ, ಅಡಿಗೆ ಮನೇಲಿ ಉಪ್ಪಿಟ್ಟು ಕೆದಕ್ತಾವ್ಳೆ."

ಕೊನೆಗೆ ಇನ್‌ಸ್ಪೆಕ್ಟರು ಎದ್ದು ನಿಂತು, "ನಾನೂ ಎರಡು ಮಾತು ಆಡಬಹುದೇ?" ಅಂದರು. ಮೇಷ್ಟ್ರು, "ಊಟ ಆಮೇಲೆ ಅಂದೆನಲ್ಲ" ಅಂದರು. ಅವರು ನೇರ ವೇದಿಕೆಗೆ ಬಂದು, ನನ್ನ ಕೊರಳಿನ ಹಾರ ತೆಗೆದುಕೊಂಡು, ತಾವು ಯಾರು ಅಂತ ಹೇಳಿದರು. ಮೇಷ್ಟ್ರು ಹಾಗೇ ಕುರ್ಚಿಯಲ್ಲಿ ಕುಸಿದರು. ಅಡಿಗೆ ಮನೆಯಿಂದ ಅವರ ಹೆಂಡತಿಯನ್ನು ಕರೆಸಿ, ಹಾರವನ್ನು ಆಕೆಯ ಕೈಗೆ ಕೊಟ್ಟು, ಇನ್‌ಸ್ಪೆಕ್ಟರು ಕೈ ಮುಗಿದರು. ಮಕ್ಕಳು ಹಾಕಿದ ಕೇಕೆಗೆ ಶಾಲೆಯ ಹೆಂಚು ಹಾರಲಿಲ್ಲ ಅಷ್ಟೆ.

ವಾಪಸು ಬರುವಾಗ ನಾನು ಹೆದರಿ ಹೆದರಿ ಹೇಳಿದೆ. "ಸಾರ್, ನಾಳೆ ಹೊಸ ಬೆಲ್ಟು ಹಾಕಿ ಪೇಟ ಬಿಚ್ಚಿ ಕೊಡ್ತೀನಿ."

"ಆತುರ ಇಲ್ಲ," ಅಂದರು. "ಅದು ನನ್ನ ತಲೆ ಮೇಲಿದ್ದಾಗ ನಾನು ನೋಡಿದ ಶಾಲೆಯೆಲ್ಲ ಚೆನ್ನಾಗೇ ಇತ್ತು. ಸ್ವಲ್ಪ ದಿನ ಇಂಜಿನ್ನಿನಲ್ಲೇ ಇರಲಿ."

ಓಡಿದ ಮೆರವಣಿಗೆ

ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ಅರಕಲಗೂಡಿನ ಒಬ್ಬ ಜವಳಿ ಸಾಹುಕಾರರ ಮಗನ ಮದುವೆ. ಹೆಣ್ಣಿನ ಮನೆಯೂ ಅದೇ ಊರು, ಇನ್ನೊಂದು ತುದಿ. ಹಿಂದಿನ ತಿಂಗಳು ಎದುರಂಗಡಿಯವರ ಮಗನ ಮೆರವಣಿಗೆಗೆ ಹನ್ನೆರಡು ಗ್ಯಾಸ್‌ಲೈಟು ತರಿಸಿದ್ದರಂತೆ. ಸಾಹುಕಾರರು ನನ್ನನ್ನು ಕರೆಸಿ, "ಗ್ಯಾಸ್‌ಲೈಟು ಬ್ಯಾಡ. ನಮ್ದು ಕರೆಂಟಾಗಬೇಕು. ಕಾರಿನ ಸುತ್ತ ಬಲ್ಬಿನ ಸರ ಹಾಕಿ. ಊರು ಬಾಯಿ ಬುಟ್ಕಂಡು ನೋಡ್ಬೇಕು" ಅಂದರು.

"ಸಾಹುಕಾರ್ರೇ, ಹಾಕೋದು ಕಷ್ಟ ಇಲ್ಲ. ಆದರೆ ಮೆರವಣಿಗೆ ಕಾರು ನಡಿಗೆಯಲ್ಲಿ ಹೋಗುತ್ತೆ. ಅಷ್ಟು ನಿಧಾನ ಹೋದರೆ ಡೈನಮೋ ಕರೆಂಟು ಮಾಡಲ್ಲ. ಬ್ಯಾಟರಿ ಬೇಗ ಸೋಲುತ್ತೆ."

"ಅದೆಲ್ಲ ನೀವು ನೋಡ್ಕಳಿ."

ಹಾಸನದಿಂದ ಮೇಲ್ಛಾವಣಿ ಇಲ್ಲದ ದೊಡ್ಡ ಬಾಡಿಗೆ ಕಾರು ಬಂತು. ನಾನು ಮೂರು ಡಜನ್ ಬಲ್ಬು ಕಟ್ಟಿದೆ. ದೀಪ ಹಚ್ಚುವ ಹೊತ್ತಿಗೆ ಮೆರವಣಿಗೆ ಹೊರಟಿತು. ಮುಂದೆ ಬ್ಯಾಂಡಿನವರು, ನಡುವೆ ಕಾರು, ಅದರಲ್ಲಿ ಬಾಸಿಂಗ ಕಟ್ಟಿದ ಗಂಡು, ಹಿಂದೆ ಹೆಂಗಸರು. ಸ್ವಿಚ್ ಹಾಕಿದೆ. ಊರು ನಿಜವಾಗಿಯೂ ಬಾಯಿ ಬಿಟ್ಟುಕೊಂಡು ನೋಡಿತು. ಸಾಹುಕಾರರು ಮೀಸೆ ತಿರುವಿದರು.

ಕಾಲು ದಾರಿ ಹೋಗುವುದರೊಳಗೆ ಬಿಳಿ ಬಲ್ಬು ಹಳದಿಯಾಯಿತು. ಎದುರಂಗಡಿಯ ಮುಂದೆ ಬರುವ ಹೊತ್ತಿಗೆ ಸರಿಯಾಗಿ ಮೂರು ಡಜನ್ನೂ ಬೀಡಿ ತುದಿಯ ಹಾಗೆ ಕೆಂಪಾದವು. ಎದುರಂಗಡಿಯವರು ಜಗಲಿಯ ಮೇಲೆ ನಿಂತು, "ಕತ್ಲಾಗೆ ಗಂಡು ಕಾಣ್ದು, ಒಂದು ಗ್ಯಾಸ್‌ಲೈಟು ಕೊಡ್ಲಾ?" ಅಂದರು.

ಸಾಹುಕಾರರು ನನ್ನ ಕೈ ಹಿಡಿದು ಎಳೆದರು. "ಏನ್ರೀ ಮಾಡ್ಬೇಕು ಈಗ?"

"ಕಾರು ಜೋರಾಗಿ ಓಡಬೇಕು."

"ಓಡ್ಲಿ!"

"ಮುಂದೆ ಬ್ಯಾಂಡಿನವರಿದ್ದಾರೆ."

"ಅವರೂ ಓಡ್ಲಿ! ಲೇ ಬ್ಯಾಂಡು, ಓಡ್ರಲಾ!"

ಡ್ರೈವರು ಗೇರು ಹಾಕಿದ. ಕಾರು ಮುಂದಕ್ಕೆ ಹಾರಿತು, ಬಲ್ಬುಗಳು ಝಗ್ ಅಂತ ಹತ್ತಿಕೊಂಡವು. ಬ್ಯಾಂಡಿನವರು ಪ್ರಾಣ ಉಳಿಸಿಕೊಳ್ಳಲು ಓಡಿದರು. ಕ್ಲಾರಿಯೊನೆಟ್ಟಿನವನು ಓಡುತ್ತಲೇ ಊದುತ್ತಿದ್ದ. ಊರುವ ಒಂದೊಂದು ಹೆಜ್ಜೆಗೂ ಒಂದೊಂದು ಕೀರಲು ಸ್ವರ. ದೊಡ್ಡ ಡೋಲಿನವನು ಡೋಲು ತಲೆಯ ಮೇಲೆ ಹೊತ್ತುಕೊಂಡ. ಹಿಂದೆ ಹೆಂಗಸರು ರೇಷ್ಮೆ ಸೀರೆ ಎತ್ತಿ ಕಟ್ಟಿಕೊಂಡು, ಕಳಶ ಕಂಕುಳಿಗೆ ಸೇರಿಸಿ, "ಅಯ್ಯಯ್ಯೋ ನಿಲ್ಲಿಸ್ರಪ್ಪೋ" ಅಂತ ಕೂಗುತ್ತಾ ಓಡಿದರು. ಮದುವೆಗೆ ಕರೆಯದಿದ್ದವರೂ ಏನೋ ಆಗಿದೆ ಅಂತ ಸೇರಿಕೊಂಡು ಓಡಿದರು. ನಾನು ಕಾರಿನ ಪಕ್ಕದ ಹಲಗೆಯ ಮೇಲೆ ನಿಂತು, ಒಂದು ಕೈಯಲ್ಲಿ ವೈರು, ಇನ್ನೊಂದು ಕೈಯಲ್ಲಿ ಮದುಮಗನ ಭುಜ ಹಿಡಿದುಕೊಂಡಿದ್ದೆ. ಗಂಟೆ ಹೊತ್ತು ನಡೆಯಬೇಕಾದ ಮೆರವಣಿಗೆ ಐದು ನಿಮಿಷದಲ್ಲಿ ಹೆಣ್ಣಿನ ಮನೆ ಮುಂದೆ ಬಂದು ನಿಂತಿತು.

ಮನೆಯ ಬಾಗಿಲು ಹಾಕಿತ್ತು. ಕೂಗಾಡುತ್ತಾ ಓಡಿಬಂದ ಜನವನ್ನು ದೂರದಿಂದ ಕಂಡು, ಯಾವುದೋ ದೊಂಬಿ ಅಂತ ಅಗುಳಿ ಹಾಕಿಕೊಂಡಿದ್ದರು.

"ಬಾಗ್ಲು ತೆಗೀರಿ, ಬೀಗರು!" ಅಂತ ಸಾಹುಕಾರರು ಕೂಗಿದರು.

ಒಳಗಿಂದ ಹೆಣ್ಣಿನ ತಂದೆ, "ಬೀಗರಾದ್ರೆ ವಾಲಗ ಎಲ್ಲಿ? ನುಡಿಸಿ ನೋಡನ" ಅಂದರು.

"ನುಡಿಸ್ರಲಾ!"

ಕ್ಲಾರಿಯೊನೆಟ್ಟಿನವನು ನೆಲದ ಮೇಲೆ ಅಂಗಾತ ಬಿದ್ದಿದ್ದ. "ಉಸ್ರು... ಬರ್ಲಿ... ಸಾ..." ಅಂದ.

ಆಗ ಕಿಟಕಿಯಿಂದ ಇಣುಕಿದ್ದು ಮದುಮಗಳೇ. ಮುಖದ ತುಂಬ ಅರಿಸಿನ. "ಅಪ್ಪಾ, ಬಾಗ್ಲು ತೆಗಿ. ದೊಂಬಿಯೋರು ಇಷ್ಟೊಂದು ದೀಪ ಆಕ್ಕಂಡು ಬತ್ತಾರಾ?"

ಬಾಗಿಲು ತೆರೆಯಿತು. ಹೆಣ್ಣಿನ ಅಜ್ಜಿ ಆರತಿ ತಟ್ಟೆ ಹಿಡಿದು ಬಂದರು. ಮನೆಯ ಮುಂದೆ ದುಂಡನೆಯ ಅರಳಿಕಟ್ಟೆ. ಜನ ನೂಕಾಡದಿರಲಿ ಅಂತ ಅಜ್ಜಿಯನ್ನು ಆ ಕಟ್ಟೆಯ ಮೇಲೆ ಹತ್ತಿಸಿದರು. ಕಾರು ಪಕ್ಕಕ್ಕೆ ಬಂದು ನಿಂತಿತು. ಅಜ್ಜಿ ಕರ್ಪೂರ ಹಚ್ಚಬೇಕು, ಅಷ್ಟರಲ್ಲಿ ಬಲ್ಬುಗಳು ಮತ್ತೆ ಹಳದಿಗೆ ತಿರುಗಿದವು. ಜನರ ನಡುವೆ ಎದುರಂಗಡಿಯವರ ಮುಖವೂ ಕಾಣುತ್ತಿತ್ತು. ಸಾಹುಕಾರರಿಗೆ ತಡೆಯಲಾಗಲಿಲ್ಲ. "ನಿಲ್ಲಿಸ್ಬ್ಯಾಡ ಕಣ್ಲಾ! ಒಡಿ, ಒಡಿ!" ಅಂತ ಅರಚಿದರು.

ಡ್ರೈವರು ಹೊಡೆದೇಬಿಟ್ಟ. ಮದುಮಗನೂ ನಾನೂ ಕಾರಿನಲ್ಲೇ ಹೋದೆವು.

"ಅಯ್ಯೋ, ಗಂಡು ಓಡೋಯ್ತಲ್ರಪ್ಪೋ!" ಅಂತ ಅಜ್ಜಿ ಕೂಗಿದರು.

ಓಡಿ ಹೋಗುವುದೆಲ್ಲಿಗೆ, ಕಟ್ಟೆ ಸುತ್ತಿಕೊಂಡು ಬಂದೆವು. ನಿಲ್ಲಿಸಿದರೆ ದೀಪ ಹೋಗುತ್ತೆ, ನಿಲ್ಲಿಸದಿದ್ದರೆ ಆರತಿ ಆಗುವುದಿಲ್ಲ. ಪುರೋಹಿತರು ಎರಡು ಸಲ ನಮ್ಮನ್ನು ನೋಡಿ, ಗಂಟಲು ಸರಿಮಾಡಿಕೊಂಡು, "ಅಜ್ಜಿ, ನೀವು ತಟ್ಟೆ ಹಿಡಿದು ಅಲ್ಲಾಡದೆ ನಿಂತ್ಕೊಳ್ಳಿ. ಶಾಸ್ತ್ರಕ್ಕೆ ಸುತ್ತು ಮುಖ್ಯ, ಯಾರು ಸುತ್ತಿದರೂ ನಡೆಯುತ್ತೆ" ಅಂತ ತೀರ್ಪು ಕೊಟ್ಟರು.

ಲೋಕದಲ್ಲೆಲ್ಲ ಆರತಿ ತಟ್ಟೆ ಗಂಡಿನ ಸುತ್ತ ಮೂರು ಸುತ್ತು ಸುತ್ತುತ್ತದೆ. ಅರಕಲಗೂಡಿನ ಆ ಮದುವೆಯಲ್ಲಿ ಮಾತ್ರ ಗಂಡೇ ಆರತಿ ತಟ್ಟೆಯ ಸುತ್ತ ಮೂರು ಸುತ್ತು ಸುತ್ತಿದ, ಅದೂ ಎರಡನೇ ಗೇರಿನಲ್ಲಿ.